ಎಡಗಡೆಯ ಸಿಲಿಂಡರ್: 18 ವರ್ಷ ನಿಂತಿದ್ದ ಒಂದು ಆರ್‌ಡಿ 350ರ ಪ್ರಕರಣ

ಕಾಸರಗೋಡು ಜಿಲ್ಲೆಯಲ್ಲಿ ಬದಿಯಡ್ಕದ ಕಡೆ ಒಂದು ಅಡಿಕೆ ತೋಟದ ಮನೆ. ಅಲ್ಲಿದ್ದ ಬೈಕಿನ ಕಥೆ ಇದು. ಜನರ ಹೆಸರು, ಮನೆಯ ಹೆಸರು, ಗಾಡಿಯ ನಂಬರು ಯಾವುದೂ ಇಲ್ಲಿ ಬರುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ರಿಪೇರಿಯ ವಿಷಯ ಮಾತ್ರ ನಡೆದ ಹಾಗೆಯೇ ಇದೆ. ನಾನು ಮಾಡಿದ ತಪ್ಪುಗಳನ್ನೂ ಬಿಟ್ಟಿಲ್ಲ. ಹಳೆ ಗಾಡಿ ಎಬ್ಬಿಸಲು ಹೊರಟವರಿಗೆ ಅವೇ ಜಾಸ್ತಿ ಉಪಯೋಗಕ್ಕೆ ಬರಬಹುದು.

ಹಿನ್ನೆಲೆ

ಗಾಡಿ ರಾಜದೂತ್ 350. ನಮ್ಮ ಕಡೆ ಎಲ್ಲರೂ ಆರ್‌ಡಿ ಅಂತಲೇ ಹೇಳುವುದು. 1980ರ ದಶಕದಲ್ಲಿ ಎಸ್ಕಾರ್ಟ್ಸ್ ಕಂಪೆನಿ ಯಮಹಾದ ಜೊತೆ ಸೇರಿ ಮಾಡಿದ್ದು. 347 ಸಿಸಿ, ಎರಡು ಸಿಲಿಂಡರ್, ಟೂ ಸ್ಟ್ರೋಕ್, ಆರು ಗೇರ್. ಒಂದೊಂದು ಸಿಲಿಂಡರಿಗೆ ಒಂದೊಂದು ಕಾರ್ಬುರೇಟರ್. ಈ ಕೊನೆಯ ಮಾತು ನೆನಪಿರಲಿ. ಒಂದೇ ಗಾಡಿಯಲ್ಲಿ ಒಂದೇ ತರದ ಎರಡು ಇವೆ ಅನ್ನುವುದೇ ಮುಂದೆ ನಮ್ಮನ್ನು ಉಳಿಸಿತು.

ಮನೆಯ ಯಜಮಾನರು ಇದನ್ನು ಹೊಸದಾಗಿಯೇ ತೆಗೆದುಕೊಂಡಿದ್ದರು. ಮಂಗಳೂರು, ಪುತ್ತೂರು, ಸುಳ್ಯ ಅಂತ ಓಡಾಡಿದ್ದೆಲ್ಲ ಇದರಲ್ಲೇ. ಆಮೇಲೆ ಒಂದು ಮಳೆಗಾಲದಲ್ಲಿ ಕೊಟ್ಟಿಗೆಯ ಪಕ್ಕದ ಶೆಡ್ಡಿಗೆ ಹೋದ ಗಾಡಿ 18 ವರ್ಷ ಹೊರಗೆ ಬರಲಿಲ್ಲ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ನನ್ನ ಗ್ಯಾರೇಜಿಗೆ ಬಂದು ಹೇಳಿದ್ದು ಇಷ್ಟೇ: "ಅಣ್ಣ, ಕಾರ್ಬುರೇಟರ್ ಕ್ಲೀನ್ ಮಾಡಿ ಸ್ಟಾರ್ಟ್ ಮಾಡಿಕೊಡಿ. ಅಪ್ಪನಿಗೆ ಒಮ್ಮೆ ಅದರ ಶಬ್ದ ಕೇಳಿಸಬೇಕು."

ಶೆಡ್ಡಿಗೆ ಹೋಗಿ ನೋಡಿದೆ. ಗಾಡಿಯ ಪಕ್ಕದಲ್ಲೇ ಅಡಿಕೆಗೆ ಮದ್ದು ಬಿಡುವ ಪಂಪು, ಸುಣ್ಣದ ಗೋಣಿ, ಮೈಲುತುತ್ತಿನ ಚೀಲ. ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣದ ಸಾಮಾನುಗಳು. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಆ ತೇವದ ಗಾಳಿಯಲ್ಲಿ ಮೈಲುತುತ್ತಿನ ಪುಡಿ ಕೂತ ಜಾಗದಲ್ಲೆಲ್ಲ ಅಲ್ಯೂಮಿನಿಯಂ ತಿಂದು ಹೋಗಿತ್ತು. ಎಂಜಿನಿನ ಬಲಬದಿಯ ಕವರ್ ಮೇಲೆ ನೀಲಿ ಕಲೆ, ಅದರ ಅಡಿಯಲ್ಲಿ ಸಣ್ಣ ಸಣ್ಣ ಗುಳಿ. ತಾಮ್ರದ ಉಪ್ಪು ಅಲ್ಯೂಮಿನಿಯಂ ಮತ್ತು ಕಬ್ಬಿಣದ ವೈರಿ. ತೋಟದ ಮನೆಗಳಲ್ಲಿ ಗಾಡಿ ಮತ್ತು ಮದ್ದು ಒಂದೇ ಶೆಡ್ಡಿನಲ್ಲಿ ಇರುವುದು ಸಾಮಾನ್ಯ, ಹಾಗಾಗಿ ಇದನ್ನು ಮೊದಲೇ ಹೇಳಿಬಿಡುತ್ತೇನೆ: ದಯವಿಟ್ಟು ಬೇರೆ ಬೇರೆ ಇಡಿ.

ಬಿಚ್ಚಿದಾಗ ಕಂಡದ್ದು

ಪ್ಲಗ್ ತೆಗೆದು ಎರಡೂ ಸಿಲಿಂಡರಿಗೆ ಡೀಸೆಲ್ ಮತ್ತು ಎಣ್ಣೆ ಬೆರೆಸಿ ಬಿಟ್ಟೆ. ಎರಡು ದಿನ ಕಿಕ್ಕರ್ ಮುಟ್ಟಲಿಲ್ಲ. ಮೂರನೇ ದಿನ ಕೈಯಲ್ಲೇ ಒತ್ತಿದಾಗ ಎಂಜಿನ್ ತಿರುಗಿತು. ಅಷ್ಟು ಒಳ್ಳೆಯದಾಯಿತು.

ಕಾರ್ಬುರೇಟರುಗಳ ಸ್ಥಿತಿ ಬೇರೆ. ಥ್ರಾಟಲ್ ಎಳೆದಾಗ ಮೇಲೆದ್ದು ಗಾಳಿಗೆ ದಾರಿ ಬಿಡುವ ಸ್ಲೈಡ್ ಎರಡೂ ಕಡೆ ಅಂಟಿಕೊಂಡಿತ್ತು. ಕೆಳಗಿನ ಬಟ್ಟಲು ತೆಗೆದರೆ ಒಳಗೆ ಪೆಟ್ರೋಲ್ ಅನ್ನುವುದು ಇರಲಿಲ್ಲ, ಹಲಸಿನ ಮೇಣದ ಹಾಗೆ ಕಂದು ಬಣ್ಣದ ಅಂಟು ಮಾತ್ರ. ಹಳೆ ವಾರ್ನಿಷಿನ ವಾಸನೆ. ನಿಂತ ಪೆಟ್ರೋಲಿನ ಹಗುರವಾದ ಅಂಶ ಹಾರಿಹೋಗಿ ಉಳಿದದ್ದು ಹೀಗೆ ಗಟ್ಟಿಯಾಗುತ್ತದೆ. ಅದರ ಸುತ್ತ ಬಿಳಿ ಪುಡಿ. ನೀರಿನ ಅಂಶ ತಾಗಿ ಕಾರ್ಬುರೇಟರಿನ ಮೈಯೇ ಸವೆದ ಗುರುತು ಅದು.

ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಜೆಟ್ಟುಗಳು ಹಿತ್ತಾಳೆಯವು, ಮೆದು. ಒತ್ತಿ ತಿರುಗಿಸಿದರೆ ಸ್ಕ್ರೂಡ್ರೈವರ್ ಕೂರುವ ಸೀಳು ಮುರಿಯುತ್ತದೆ. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ಮುಳುಗಿಸಿಟ್ಟು, ಬೆಳಿಗ್ಗೆ ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಇಟ್ಟು, ಬಿಸಿ ಇರುವಾಗಲೇ ಸರಿಯಾದ ಅಗಲದ ಸ್ಕ್ರೂಡ್ರೈವರಿನಲ್ಲಿ ತೆಗೆದೆ. ನಾಲ್ಕೂ ಹಾಳಾಗದೆ ಬಂದವು. ನೋಡುತ್ತಿದ್ದ ಪಕ್ಕದ ಮನೆಯವರೊಬ್ಬರು ಬಿಂಬುಳಿ ರಸದಲ್ಲಿ ಹಾಕಿ ಅಂದರು. ನಮ್ಮಲ್ಲಿ ಹಿತ್ತಾಳೆ ಪಾತ್ರೆ ಬೆಳಗಲು ಅದು ಒಳ್ಳೆಯದೇ. ಆದರೆ ಕಾರ್ಬುರೇಟರಿನ ಮೈ ಹಿತ್ತಾಳೆಯದಲ್ಲ, ಎರಕದ ಮೆದು ಲೋಹದ್ದು. ಹುಳಿಯಲ್ಲಿ ಬಿಟ್ಟರೆ ಅದೇ ಕರಗುತ್ತದೆ. ಬೇಡ ಅಂದೆ.

ಇನ್ನೊಂದು ವಿಷಯ ಆ ದಿನವೇ ಕಣ್ಣಿಗೆ ಬಿದ್ದಿತ್ತು. ಎಡಗಡೆಯ ಪೈಲಟ್ ಜೆಟ್ಟಿನ, ಅಂದರೆ ಥ್ರಾಟಲ್ ಬಿಟ್ಟು ಎಂಜಿನ್ ನಿಧಾನಕ್ಕೆ ಓಡುವಾಗ (ಐಡ್ಲಿಂಗಿನಲ್ಲಿ) ಪೆಟ್ರೋಲ್ ಕೊಡುವ ಜೆಟ್ಟಿನ, ತೂತು ದುಂಡಗೆ ಇರಲಿಲ್ಲ. ಬೆಳಕಿಗೆ ಹಿಡಿದು ಭೂತಕನ್ನಡಿಯಲ್ಲಿ ನೋಡಿದರೆ ಬಲಗಡೆಯದಕ್ಕಿಂತ ದೊಡ್ಡದು, ಅಂಚಿನಲ್ಲಿ ಗೀರು. ಯಾರೋ ಹಿಂದೆ ತಂತಿ ಹಾಕಿ ಚುಚ್ಚಿದ್ದಾರೆ ಅಂದುಕೊಂಡೆ. ಕಟ್ಟಿದ ಜೆಟ್ಟಿಗೆ ತಂತಿ ಹಾಕುವುದು ಎಲ್ಲ ಕಡೆ ಇರುವ ಕೆಟ್ಟ ಅಭ್ಯಾಸ. ಹೊಸ ಜೆಟ್ ಸಿಗುವ ತನಕ ಇದೇ ಇರಲಿ ಅಂತ ಮುಂದೆ ಹೋದೆ. ಚುಚ್ಚಿದ್ದು ಯಾಕೆ ಅಂತ ಕೇಳಿಕೊಳ್ಳಲಿಲ್ಲ. ಆ ದಿನ ಕೇಳಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು.

ಮೊದಲ ಸಲ

ಪ್ರತಿಯೊಂದು ದಾರಿಗೂ ಕ್ಲೀನರ್ ಸ್ಪ್ರೇ ಬಿಟ್ಟು, ಅದು ಇನ್ನೊಂದು ಬದಿಯ ತೂತಿನಿಂದ ಚಿಮ್ಮುವುದನ್ನು ಕಣ್ಣಾರೆ ನೋಡಿ, ಆಮೇಲೆ ಗಾಳಿ ಹೊಡೆದೆ. ಪೈಲಟ್ ದಾರಿಯ ತೂತುಗಳು ಕಾರ್ಬುರೇಟರಿನ ಬಾಯಿಯಲ್ಲಿ ಸೂಜಿಮೊನೆಯಷ್ಟು ಸಣ್ಣಗೆ ತೆರೆದುಕೊಳ್ಳುತ್ತವೆ. ಹೊರಗೆ ಫಳಫಳ ಹೊಳೆದರೂ ಆ ತೂತಿನಿಂದ ಸ್ಪ್ರೇ ಬರದಿದ್ದರೆ ಕ್ಲೀನ್ ಆಗಿಲ್ಲ ಅಂತಲೇ ಅರ್ಥ. ಬಲಗಡೆಯದು ಮೂರನೇ ಸಲಕ್ಕೆ ಬಿಟ್ಟುಕೊಟ್ಟಿತು.

ಎಂಜಿನಿಗೆ ಎಣ್ಣೆ ಕೊಡುವ ಹಳೆ ಆಯಿಲ್ ಪಂಪನ್ನು ನಂಬಲಿಲ್ಲ. 18 ವರ್ಷ ನಿಂತ ಪೈಪಿನಲ್ಲಿ ಎಣ್ಣೆ ಹರಿಯುತ್ತದೋ ಇಲ್ಲವೋ ಯಾರಿಗೆ ಗೊತ್ತು? ಕಳೆ ಕೊಚ್ಚುವ ಮೆಷಿನಿಗೆ ಮಾಡುವ ಹಾಗೆ ಪೆಟ್ರೋಲಿಗೇ ಟೂಟಿ (ಟೂ ಸ್ಟ್ರೋಕ್) ಆಯಿಲ್ ಬೆರೆಸಿದೆ, ಲೀಟರಿಗೆ 40 ಮಿಲಿ. ಪ್ಲಗ್ಗಿನ ಕಿಡಿಗೆ ಬೇಕಾದ ಪಾಯಿಂಟ್ ತಿಕ್ಕಿ, ಹೊಸ ಪ್ಲಗ್ ಹಾಕಿ ಕಿಕ್ ಹೊಡೆದರೆ ಏಳೆಂಟು ಕಿಕ್ಕಿಗೆ ಎದ್ದಿತು. ಮಗ ಫೋನಿನಲ್ಲಿ ವಿಡಿಯೋ ಮಾಡಿದ.

ಹತ್ತು ನಿಮಿಷ. ಆಮೇಲೆ ಬಲಗಡೆ ಸಿಲಿಂಡರ್ ಸತ್ತಿತು. ಬಟ್ಟಲು ತೆಗೆದರೆ ಅಡಿಯಲ್ಲಿ ಕೆಂಪು ಹುಡಿ. ಟ್ಯಾಂಕಿನ ತುಕ್ಕು.

ಟ್ಯಾಂಕನ್ನು ನಾನು ಎರಡು ಸಲ ಪೆಟ್ರೋಲ್ ಹಾಕಿ ಕುಲುಕಿ ಚೆಲ್ಲಿದ್ದೆ, ಅಷ್ಟೇ. ಮಗನ ರಜೆ ಮುಗಿಯುತ್ತಿತ್ತು, ನನಗೂ ಶಬ್ದ ಕೇಳುವ ಆಸೆ. ಅವಸರ ಮಾಡಿದೆ. ಒಂದು ರಾತ್ರಿ ಪೂರ್ತಿ ಕೂತು ತೊಳೆದ ಕಾರ್ಬುರೇಟರಿಗೆ ಹತ್ತೇ ನಿಮಿಷದಲ್ಲಿ ಮತ್ತೆ ಕೊಳೆ ಸುರಿದಂತಾಯಿತು. ಮೊದಲು ಟ್ಯಾಂಕ್, ಆಮೇಲೆ ಅದರಡಿಯ ಪೆಟ್ರೋಲ್ ಕಾಕ್, ಆಮೇಲೆ ಪೈಪ್, ಕೊನೆಗೆ ಕಾರ್ಬುರೇಟರ್. ಪೆಟ್ರೋಲ್ ಹರಿಯುವ ದಿಕ್ಕಿನಲ್ಲೇ ಕೆಲಸವೂ ಹೋಗಬೇಕು. ತೋಡಿನ ಮೇಲ್ಗಡೆ ಕೆಸರು ಬಿಟ್ಟು ಕೆಳಗೆ ಗುಂಡಿ ಬಳಿದರೆ ಏನು ಬಂತು, ಅಲ್ವಾ?

ಟ್ಯಾಂಕಿಗೆ ವಿನೆಗರ್ ತುಂಬಿಸಿ ಮೂರು ದಿನ ಇಟ್ಟೆವು. ದಿನಕ್ಕೆ ಎರಡು ಸಲ ಒಳಗೆ ಹಳೆ ನಟ್ಟುಗಳನ್ನು ಹಾಕಿ ಕುಲುಕುವುದು. ಆಮೇಲೆ ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ, ಪೂರ್ತಿ ಒಣಗಿದ ಕೂಡಲೇ ಒಳಗೆಲ್ಲ ಎಣ್ಣೆ ಹರಡಿದೆವು. ಇಲ್ಲದಿದ್ದರೆ ನಮ್ಮ ಹವೆಗೆ ಒಂದೇ ರಾತ್ರಿಯಲ್ಲಿ ಮತ್ತೆ ಕೆಂಪಾಗುತ್ತದೆ. ಕಾಕಿನ ವಾಷರ್, ಪೈಪ್ ಹೊಸತು. ನಡುವೆ ಒಂದು ಫಿಲ್ಟರ್.

ಎಡಗಡೆ ಇಳಿಯದ ರೇಸು

ಎರಡನೇ ಸಲ ಗಾಡಿ ಚೆನ್ನಾಗಿಯೇ ಎದ್ದಿತು. ಆರ್‌ಸಿ ನವೀಕರಣ ಆಗದ ಕಾರಣ ರಸ್ತೆಗೆ ಇಳಿಸಲಿಲ್ಲ. 15 ವರ್ಷ ಕಳೆದ ಗಾಡಿಗೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಆ ಓಡಾಟದ ಕಥೆ ಇಲ್ಲಿ ಬೇಡ. ತೋಟದೊಳಗಿನ ದಾರಿಯಲ್ಲೇ ಓಡಿಸಿ ನೋಡುತ್ತಿದ್ದೆವು.

ಎರಡನೇ ದಿನ ಹೊಸ ತೊಂದರೆ. ಎಂಜಿನ್ ಬಿಸಿಯಾದ ಮೇಲೆ ಥ್ರಾಟಲ್ ಪೂರ್ತಿ ಬಿಟ್ಟರೂ ರೇಸು, ಅಂದರೆ ಎಂಜಿನ್ ತಿರುಗುವ ವೇಗ, ಇಳಿಯುತ್ತಿರಲಿಲ್ಲ. ತಾನಾಗಿ ಏರುತ್ತಿತ್ತು. ಪ್ಲಗ್ ತೆಗೆದು ನೋಡಿದೆ. ಬಲಗಡೆಯದು ಒಣ ಅಡಿಕೆ ಸಿಪ್ಪೆಯ ಬಣ್ಣ, ಹೇಗಿರಬೇಕೋ ಹಾಗೆ. ಎಡಗಡೆಯದು ಸುಣ್ಣದ ಹಾಗೆ ಬಿಳಿ. ಎಡಗಡೆಗೆ ಪೆಟ್ರೋಲ್ ಸಾಲುತ್ತಿಲ್ಲ, ಅಥವಾ ಗಾಳಿ ಜಾಸ್ತಿ ಹೋಗುತ್ತಿದೆ.

ಕಾರ್ಬುರೇಟರ್ ಸರಿ ಕ್ಲೀನ್ ಆಗಿಲ್ಲ ಅಂತಲೇ ನಾನು ತೀರ್ಮಾನಿಸಿದೆ. ಗ್ಯಾರೇಜಿಗೆ ಬಂದ ನಾಲ್ಕು ಜನರೂ ಅದನ್ನೇ ಹೇಳಿದರು. ಮತ್ತೆ ಬಿಚ್ಚಿದೆ, ತೊಳೆದೆ. ಹೊಸ ಪೈಲಟ್ ಜೆಟ್ ಬಂದಿತ್ತು, ಚುಚ್ಚಿದ ಹಳತನ್ನು ತೆಗೆದು ಹಾಕಿದೆ. ತೊಂದರೆ ಇನ್ನೂ ಜಾಸ್ತಿಯಾಯಿತು. ಆಗ ಎಡಗಡೆಯ ಏರ್ ಸ್ಕ್ರೂವನ್ನು ಒಳಗೆ ತಿರುಗಿಸಿದೆ. ಈ ಕಾರ್ಬುರೇಟರಿನಲ್ಲಿ ಅದು ಗಾಳಿಯ ಸ್ಕ್ರೂ, ಒಳಗೆ ಹೋದಷ್ಟೂ ಗಾಳಿ ಕಮ್ಮಿ, ಪೆಟ್ರೋಲಿನ ಪಾಲು ಜಾಸ್ತಿ. ಬಲಗಡೆ ಒಂದೂವರೆ ಸುತ್ತಿನಲ್ಲಿ ಸರಿಯಿದ್ದರೆ ಎಡಗಡೆ ಅರ್ಧ ಸುತ್ತಿಗೆ ತಂದ ಮೇಲೆ ಐಡ್ಲಿಂಗ್ ಒಂದು ಹದಕ್ಕೆ ಬಂತು. ಸರಿಯಾಯಿತು ಅಂತ ಮಗನಿಗೆ ಫೋನ್ ಮಾಡಿಯೂ ಬಿಟ್ಟೆ.

ರಾತ್ರಿ ಮಲಗಿದಾಗ ಸಮಾಧಾನ ಆಗಲಿಲ್ಲ. ಒಂದೇ ಎಂಜಿನಿನ ಎರಡು ಒಂದೇ ತರದ ಸಿಲಿಂಡರಿಗೆ ಇಷ್ಟು ವ್ಯತ್ಯಾಸ ಯಾಕೆ ಬೇಕು?

ಮರುದಿನ ಕಾಸು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿದೆ. ಎರಡೂ ಕಡೆಯ ಜೆಟ್, ಸೂಜಿ, ಫ್ಲೋಟಿನ ವಾಲ್ವ್ ಎಲ್ಲವನ್ನೂ ಅದಲುಬದಲು ಮಾಡಿದೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಏರ್ ಸ್ಕ್ರೂ ಎರಡೂ ಒಂದೂವರೆ ಸುತ್ತು. ದೋಷ ಈ ಭಾಗಗಳಲ್ಲಿದ್ದರೆ ಅದು ಈಗ ಬಲಗಡೆಗೆ ಹೋಗಬೇಕಿತ್ತು. ಹೋಗಲಿಲ್ಲ. ಎಡಗಡೆಯಲ್ಲೇ ಕೂತಿತ್ತು. ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರಿನ ಸುತ್ತ ಸ್ಪ್ರೇ ಬಿಟ್ಟು ನೋಡಿದೆ, ಅಲ್ಲಿ ಗಾಳಿ ಎಳೆಯುತ್ತಿದ್ದರೆ ರೇಸಿನಲ್ಲಿ ವ್ಯತ್ಯಾಸ ಆಗಬೇಕು. ಏನೂ ಆಗಲಿಲ್ಲ.

ಅಷ್ಟರಲ್ಲಿ ಯಜಮಾನರು ಬಂದು ಗ್ಯಾರೇಜಿನ ಬೆಂಚಿನಲ್ಲಿ ಕೂತಿದ್ದರು. ಅದುವರೆಗೆ ನಾನು ಅವರನ್ನು ಗಾಡಿಯ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಮಗನ ಹತ್ತಿರವೇ ಎಲ್ಲ ಮಾತು. ಸ್ವಲ್ಪ ಹೊತ್ತು ಕೇಳಿಸಿಕೊಂಡು ಅವರು ಹೇಳಿದರು: "ನಿಲ್ಲಿಸುವ ಮೊದಲು ಕೂಡ ಹೀಗೇ ಇತ್ತು ಮಾರಾಯ. ಸುಳ್ಯದಿಂದ ಬರುವಾಗ ಕೈ ಬಿಟ್ಟರೂ ರೇಸು ಇಳಿಯುತ್ತಿರಲಿಲ್ಲ. ಆಗಿನ ಮೆಕ್ಯಾನಿಕ್ ಏನೋ ಜೆಟ್ ದೊಡ್ಡ ಮಾಡಿ ಸರಿ ಮಾಡಿದ. ಮತ್ತೆ ಒಂದು ವರ್ಷದಲ್ಲಿ ಶುರುವಾಯಿತು. ಹಾಗೇ ನಿಲ್ಲಿಸಿದ್ದು."

ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ. ಆ ಜೆಟ್ಟು ಕೊಳೆ ತೆಗೆಯಲು ಚುಚ್ಚಿದ್ದಾಗಿರಲಿಲ್ಲ. ಎಲ್ಲಿಂದಲೋ ನುಗ್ಗುತ್ತಿದ್ದ ಗಾಳಿಗೆ ಸರಿದೂಗಲಿ ಅಂತ ಜಾಸ್ತಿ ಪೆಟ್ರೋಲ್ ಬಿಡಲು ಚುಚ್ಚಿದ್ದು. ಹೊಸ ಜೆಟ್ ಹಾಕಿದಾಗ ತೊಂದರೆ ಜಾಸ್ತಿಯಾದದ್ದೂ ಅದಕ್ಕೇ. ಆಗಿನ ಮೆಕ್ಯಾನಿಕ್ ತೂತು ದೊಡ್ಡ ಮಾಡಿ ಮುಚ್ಚಿಟ್ಟ ದೋಷವನ್ನೇ ನಾನು 18 ವರ್ಷದ ನಂತರ ಏರ್ ಸ್ಕ್ರೂ ತಿರುಗಿಸಿ ಮುಚ್ಚಿಟ್ಟಿದ್ದೆ.

ಬಿಪಿ ಮೆಷಿನ್

ಟೂ ಸ್ಟ್ರೋಕ್ ಎಂಜಿನಿನಲ್ಲಿ ಕ್ರ್ಯಾಂಕ್ ಇರುವ ಕೋಣೆಯೇ ಪಂಪ್. ಪಿಸ್ಟನ್ ಮೇಲೆ ಹೋದಾಗ ಅದು ಕಾರ್ಬುರೇಟರಿನಿಂದ ಪೆಟ್ರೋಲ್ ಬೆರೆತ ಗಾಳಿ ಎಳೆಯುತ್ತದೆ, ಕೆಳಗೆ ಬಂದಾಗ ಸಿಲಿಂಡರಿಗೆ ತಳ್ಳುತ್ತದೆ. ಆ ಕೋಣೆಯ ಎರಡು ತುದಿಯಲ್ಲಿ ಕ್ರ್ಯಾಂಕ್ ಹೊರಗೆ ಬರುವಲ್ಲಿ ರಬ್ಬರಿನ ಆಯಿಲ್ ಸೀಲ್ ಇರುತ್ತದೆ. ಆರ್‌ಡಿಯಲ್ಲಿ ಬಲತುದಿ ಕ್ಲಚ್ ಕಡೆ. ಅಲ್ಲಿ ಸೀಲ್ ಹೋದರೆ ಗೇರ್ ಆಯಿಲ್ ಎಳೆದು ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರುತ್ತದೆ, ತಟ್ಟನೆ ಗೊತ್ತಾಗುತ್ತದೆ. ಎಡತುದಿ ಮ್ಯಾಗ್ನೆಟ್ ಕಡೆ. ಅಲ್ಲಿ ಎಣ್ಣೆಯಿಲ್ಲ, ಬರೀ ಗಾಳಿ. ಹೊಗೆ ಇಲ್ಲ, ಸೋರಿಕೆ ಇಲ್ಲ, ಕಣ್ಣಿಗೆ ಕಾಣುವ ಗುರುತೇ ಇಲ್ಲ. ಸುಮ್ನೆ ಗಾಳಿ ನುಗ್ಗಿ ಎಂಜಿನ್ ಬಿಸಿಯಾಗುತ್ತಾ ಹೋಗುತ್ತದೆ, ಒಂದು ದಿನ ಪಿಸ್ಟನ್ ಸಿಲಿಂಡರಿಗೆ ಅಂಟಿ ಹಿಡಿಯುತ್ತದೆ.

ಪರೀಕ್ಷೆಗೆ ದುಬಾರಿ ಸಾಮಾನು ಬೇಡ. ಸೈಲೆನ್ಸರ್ ಇಳಿಸಿ ಎರಡೂ ಎಕ್ಸಾಸ್ಟ್ ಬಾಯಿಗೆ ಹಳೆ ಟ್ಯೂಬಿನ ರಬ್ಬರ್ ಇಟ್ಟು ತಗಡು ಬಿಗಿದೆ. ಬಲಗಡೆಯ ಇನ್‌ಲೆಟ್ ಮುಚ್ಚಿದೆ. ಎಡಗಡೆಯದಕ್ಕೆ ಒಂದು ಬಿರಡೆ, ಅದರೊಳಗೆ ಸಣ್ಣ ಪೈಪ್. ಪೈಪಿಗೆ ಹಳೆ ಬಿಪಿ ಮೆಷಿನಿನ ಬಲ್ಬು ಮತ್ತು ಮೀಟರ್. ಬಿಪಿ ಮೀಟರಿನ 300 ಅಂದರೆ ಸುಮಾರು 5.8 ಪಿಎಸ್‌ಐ. ಈ ಕೆಲಸಕ್ಕೆ ಅಷ್ಟೇ ಬೇಕು, ಜಾಸ್ತಿ ಹಾಕಿದರೆ ಒಳ್ಳೆ ಸೀಲೂ ಜಾರಬಹುದು. ಗಟ್ಟಿ ಎಂಜಿನಿನಲ್ಲಿ ಮುಳ್ಳು ಐದಾರು ನಿಮಿಷ ಹೆಚ್ಚು ಕಮ್ಮಿ ಅಲ್ಲೇ ನಿಲ್ಲಬೇಕು.

ಅರ್ಧ ನಿಮಿಷದೊಳಗೆ ಸೊನ್ನೆಗೆ ಬಂತು.

ಮ್ಯಾಗ್ನೆಟ್ ಕಳಚಿ, ಮತ್ತೆ ಗಾಳಿ ಹಾಕಿ, ಸೀಲಿನ ಸುತ್ತ ಸೋಪಿನ ನೀರು ಹಚ್ಚಿದೆ. ಗುಳ್ಳೆ ಗುಳ್ಳೆ. ಯಜಮಾನರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

ಇಲ್ಲಿ ಒಂದು ಕಷ್ಟದ ಮಾತುಕತೆ ಆಗಬೇಕಿತ್ತು. ಮಗ ಒಪ್ಪಿದ್ದು ಕಾರ್ಬುರೇಟರ್ ಕ್ಲೀನಿಂಗಿಗೆ. ಈಗ ಎಂಜಿನ್ ಇಳಿಸಿ ಎರಡು ಹೋಳು ಮಾಡಬೇಕು, ಸೀಲ್, ಬೇರಿಂಗ್, ಗ್ಯಾಸ್ಕೆಟ್, ರಿಂಗ್ ತರಿಸಬೇಕು. ಬಿಡಿಭಾಗ ಸಿಗುವುದೇ ಕಷ್ಟ. ಫೋನಿನಲ್ಲಿ ಅವನು ಕೇಳಿದ: "ಏರ್ ಸ್ಕ್ರೂ ಮೊನ್ನೆ ಇಟ್ಟ ಹಾಗೇ ಇಟ್ಟರೆ ಓಡುವುದಿಲ್ವಾ ಅಣ್ಣ? ಮಧೂರು ದೇವಸ್ಥಾನಕ್ಕೆ ಒಮ್ಮೆ ಹೋಗಿ ಬಂದರೆ ಸಾಕು." ಓಡುತ್ತದೆ. ಮಧೂರಿಗೆ ಹೋಗಿ ಬರಲೂಬಹುದು. ಆದರೆ ಐಡ್ಲಿಂಗಿನಲ್ಲಿ ಮಾತ್ರ ಆ ಸ್ಕ್ರೂವಿನ ಆಟ. ಥ್ರಾಟಲ್ ಎತ್ತಿದ ಮೇಲೆ ಪೈಲಟ್ ದಾರಿಯ ಕೆಲಸ ಕಮ್ಮಿ, ಗಾಳಿ ನುಗ್ಗುವುದು ಮಾತ್ರ ನಿಲ್ಲುವುದಿಲ್ಲ. ವೇಗದಲ್ಲಿ ಎಡ ಪಿಸ್ಟನ್ ಹಿಡಿದರೆ ಹಿಂದಿನ ಚಕ್ರ ಲಾಕ್ ಆಗುತ್ತದೆ. ಓಡಿಸುವವರು ಎಪ್ಪತ್ತು ದಾಟಿದವರು. ಇದನ್ನು ಹಾಗೇ ಹೇಳಿದೆ. ಸೀಲ್ ಹಾಕದೆ ಗಾಡಿ ಕೊಡುವುದಿಲ್ಲ, ಬೇಕಾದರೆ ಇದುವರೆಗಿನ ಕೂಲಿ ಬೇಡ ಅಂದೆ. ಎರಡು ದಿನ ಬಿಟ್ಟು ಒಪ್ಪಿದ.

ಎಂಜಿನ್ ಬಿಚ್ಚಿದ ಮೇಲೆ

ಎಡ ಸೀಲು ಕೈಯಲ್ಲಿ ಬಗ್ಗಿಸಿದರೆ ಹಪ್ಪಳದ ಹಾಗೆ ಮುರಿಯಿತು. ಎಡ ಪಿಸ್ಟನಿನ ಎಕ್ಸಾಸ್ಟ್ ಬದಿಯಲ್ಲಿ ಉದ್ದುದ್ದ ಗೆರೆಗಳು, ಹಿಡಿಯಲು ಶುರುವಾಗಿದ್ದ ಗುರುತು. ಆ ಪಿಸ್ಟನಿನ ಫೋಟೋ ಕಳಿಸಿದ ಮೇಲೆ ಮಗ ಖರ್ಚಿನ ಬಗ್ಗೆ ಮತ್ತೆ ಮಾತಾಡಲಿಲ್ಲ. ಸೀಲುಗಳನ್ನೆಲ್ಲ ಹೊಸತು ಹಾಕಿದೆವು, ಬೇರಿಂಗ್ ಕೆಲಸ ಮಂಗಳೂರಿನಲ್ಲಿ ಆಯಿತು. ಜೋಡಿಸಿದ ಮೇಲೆ ಮತ್ತೆ ಬಿಪಿ ಬಲ್ಬು. ಈ ಸಲ ಮುಳ್ಳು ನಿಂತಿತು. ಆಯಿಲ್ ಪಂಪಿನ ಪೈಪುಗಳನ್ನು ಬದಲಿಸಿ, ಎಣ್ಣೆ ಹನಿ ಬರುವುದನ್ನು ನೋಡಿಯೇ ಕೂಡಿಸಿದೆ. ಆದರೂ ಮೊದಲ ಟ್ಯಾಂಕ್ ಮುಗಿಯುವ ತನಕ ಪೆಟ್ರೋಲಿಗೆ ಎಣ್ಣೆ ಬೆರೆಸುವುದನ್ನು ಬಿಡಲಿಲ್ಲ.

ಕಾರ್ಬುರೇಟರಿನ ನಿಜವಾದ ಕೆಲಸ ಆಗಲೇ ಆದದ್ದು. ಎರಡೂ ಸ್ಲೈಡ್ ಒಟ್ಟಿಗೆ ಏಳಬೇಕು. ಒಂದೇ ಅಳತೆಯ ಎರಡು ಡ್ರಿಲ್ ಬಿಟ್ ತೆಗೆದುಕೊಂಡು, ಅವುಗಳ ನಯವಾದ ತುದಿಯನ್ನು ಒಂದೊಂದು ಸ್ಲೈಡಿನ ಅಡಿಯಲ್ಲಿ ಇಟ್ಟೆ. ಥ್ರಾಟಲ್ ನಿಧಾನಕ್ಕೆ ಎಳೆದಾಗ ಎರಡೂ ಒಂದೇ ಕ್ಷಣಕ್ಕೆ ಸಡಿಲವಾಗಿ ಬೀಳಬೇಕು. ಬೀಳುವ ತನಕ ಕೇಬಲಿನ ಅಡ್ಜಸ್ಟರ್ ತಿರುಗಿಸುತ್ತಾ ಹೋಗುವುದು. ಆಮೇಲೆ ಎಂಜಿನ್ ಬಿಸಿ ಮಾಡಿ, ಎರಡು ಸೈಲೆನ್ಸರಿನ ಹಿಂದೆ ಎರಡು ಅಂಗೈ ಹಿಡಿದು ಹೊಡೆತ ಸಮ ಇದೆಯಾ ನೋಡುವುದು. ಏರ್ ಸ್ಕ್ರೂ ಎರಡೂ ಕಡೆ ಒಂದೂವರೆ ಸುತ್ತಿನ ಹತ್ತಿರವೇ ನಿಂತಿತು. ಎಡ, ಬಲ ಒಂದೇ ಲೆಕ್ಕ. ಅದನ್ನು ನೋಡಿದಾಗಲೇ ನನಗೆ ನಿದ್ದೆ ಬಂತು.

ಈಗ ಯಾರಾದರೂ ನಿಂತ ಗಾಡಿ ತಂದರೆ ನಾನು ಸ್ಪ್ಯಾನರ್ ಹಿಡಿಯುವ ಮೊದಲು ಕೇಳುವುದು, ಇದನ್ನು ಯಾಕೆ ನಿಲ್ಲಿಸಿದ್ದು ಅಂತ. ತಂದವರನ್ನು ಬಿಟ್ಟು ಓಡಿಸಿದವರನ್ನೇ ಕೇಳುತ್ತೇನೆ. ಚೆನ್ನಾಗಿ ಓಡುತ್ತಿದ್ದ ಗಾಡಿಯನ್ನು ಸಾಮಾನ್ಯವಾಗಿ ಯಾರೂ ಶೆಡ್ಡಿಗೆ ಹಾಕುವುದಿಲ್ಲ. ನಿಂತ ಮೇಲೆ ಸೇರಿದ ಕೊಳೆ ಬೇರೆ, ನಿಲ್ಲಲು ಕಾರಣವಾದ ದೋಷ ಬೇರೆ. ಕೊಳೆ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಎಲ್ಲ ತಪ್ಪನ್ನೂ ಅದರ ತಲೆಗೆ ಹಾಕುತ್ತೇವೆ. ಕಾರ್ಬುರೇಟರನ್ನು ಎರಡನೇ ಸಲ ಬಿಚ್ಚಬೇಕೆನ್ನಿಸಿದಾಗ ಈಗ ಮೊದಲು ಬಿಪಿ ಬಲ್ಬು ತೆಗೆಯುತ್ತೇನೆ. ಒಂದು ಗಂಟೆಯ ಕೆಲಸ. ಒಟ್ಟು ಖರ್ಚಿನಲ್ಲಿ ಕಾರ್ಬುರೇಟರಿಗೆ ಹೋದದ್ದು ಹತ್ತರಲ್ಲಿ ಒಂದು ಪಾಲೂ ಇಲ್ಲ. ಮೂರು ತಿಂಗಳಲ್ಲಿ ಅರ್ಧಕ್ಕಿಂತ ಜಾಸ್ತಿ ದಿನ ಕಳೆದದ್ದು ಮಾತ್ರ ಅದರ ಮೇಲೆಯೇ.

ಮದ್ದಿನ ಚೀಲ ಈಗ ಶೆಡ್ಡಿನಲ್ಲಿಲ್ಲ. ನಿಲ್ಲಿಸುವ ಮುಂಚೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಬಟ್ಟಲು ಖಾಲಿಯಾಗಿ ಎಂಜಿನ್ ತಾನಾಗಿ ಸಾಯುವ ತನಕ ಓಡಿಸಬೇಕು ಅಂತ ಯಜಮಾನರಿಗೆ ಹೇಳಲು ಹೋದೆ. "ಮದ್ದಿನ ಪಂಪಿಗೆ ಪ್ರತಿ ವರ್ಷ ಹಾಗೇ ಮಾಡುವುದಲ್ವಾ" ಅಂದರು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುವುದರಿಂದ ನೀರಿನ ಅಂಶ ಬೇಗ ಎಳೆದುಕೊಳ್ಳುತ್ತದೆ. ಮಳೆಗಾಲಕ್ಕೆ ಟ್ಯಾಂಕನ್ನೇ ಖಾಲಿ ಮಾಡಿ ಎಣ್ಣೆ ಸವರಿ ಇಡಿ ಅಂದೆ. ಅದಕ್ಕೂ ಒಪ್ಪಿದರು.

ಗಾಡಿ ಕೊಟ್ಟ ದಿನ ಮಗ ಬೆಂಗಳೂರಿನಿಂದ ಬಂದಿದ್ದ. ಅಂಗಳದಲ್ಲಿ ಸ್ಟಾರ್ಟ್ ಮಾಡಿ ತಂದೆಯ ಕೈಗೆ ಕೊಟ್ಟೆ. ಅವರು ಹತ್ತಿ ಕೂತರು, ಗೇರ್ ಹಾಕಲಿಲ್ಲ. ನ್ಯೂಟ್ರಲಿನಲ್ಲೇ ಸ್ವಲ್ಪ ಹೊತ್ತು ಬಿಸಿಯಾಗಲು ಬಿಟ್ಟರು. ಆಮೇಲೆ ಥ್ರಾಟಲ್ ಎಳೆದು, ತಟ್ಟನೆ ಕೈ ಬಿಟ್ಟು, ತಲೆ ಒಂದು ಬದಿಗೆ ವಾಲಿಸಿ ಕೇಳಿದರು. ರೇಸು ಇಳಿಯಿತು. ಇನ್ನೊಮ್ಮೆ ಎಳೆದರು, ಬಿಟ್ಟರು. ಮತ್ತೆ ಇಳಿಯಿತು.

"ಇಳಿಯುತ್ತದೆ" ಅಂತ ನನ್ನ ಕಡೆ ನೋಡಿ ಹೇಳಿ, ಕ್ಲಚ್ ಹಿಡಿದರು.